ಪ್ಯಾರಿಸ್‌ಗೆ ಹೋದ ಅಝ್‌ಹರಿನ ಇಮಾಮ್

ಮಕ್ಕಳನ್ನು ಉನ್ನತ ವ್ಯಾಸಂಗಕ್ಕೆ ಪರದೇಶಕ್ಕೆ ಕಳುಹಿಸಲು ಹೊರಟ ತಂದೆತಾಯಿಯರು ನನ್ನಲ್ಲಿ ಆಗಾಗ ಕೇಳುವುದುಂಟು: "ಉಸ್ತಾದರೇ, ಅಲ್ಲಿ ಹುಡುಗನ ದೀನ್ ಉಳಿಯುತ್ತದೆಯೇ?" ಶುಲ್ಕ, ವೀಸಾ, ವಸತಿಗಳ ಲೆಕ್ಕವೆಲ್ಲ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುವ ಅಳುಕು ಇದು. ಇದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಸುಮಾರು 200 ವರ್ಷಗಳ ಹಿಂದೆ ಕೈರೋದಿಂದ ಪ್ಯಾರಿಸ್‌ಗೆ ಹೋದ ಒಬ್ಬ ತರುಣ ಆಲಿಮರ ಬದುಕು.

1826ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಪಾಷಾ ನಲವತ್ತಕ್ಕೂ ಹೆಚ್ಚು ಮಂದಿಯನ್ನು ವಿದ್ಯಾಭ್ಯಾಸಕ್ಕಾಗಿ ಫ್ರಾನ್ಸಿಗೆ ಕಳುಹಿಸಿದರು. ಯುದ್ಧವಿದ್ಯೆ, ವೈದ್ಯಕೀಯ, ಯಂತ್ರವಿದ್ಯೆ ಮುಂತಾದವನ್ನು ಕಲಿತು ಬಂದು ನಾಡನ್ನು ಕಟ್ಟಬೇಕೆಂಬುದು ಉದ್ದೇಶ. ಅವರ ನಮಾಝ್ ಹಾಗೂ ಧಾರ್ಮಿಕ ಶಿಸ್ತಿನ ಹೊಣೆ ಹೊರಲು ಇಮಾಮರೂ ಜೊತೆಗಿರಬೇಕಿತ್ತು. ಆ ಹುದ್ದೆಗೆ ಅಲ್-ಅಝ್‌ಹರಿನ ಹಿರಿಯ ವಿದ್ವಾಂಸ ಶೈಖ್ ಹಸನ್ ಅಲ್-ಅತ್ತಾರ್ ತಮ್ಮ ಶಿಷ್ಯ ರಿಫಾಅ ಅತ್ತಹ್ತಾವಿಯ ಹೆಸರನ್ನು ಸೂಚಿಸಿದರು. 1801ರಲ್ಲಿ ಮೇಲಣ ಈಜಿಪ್ಟಿನ ತಹ್ತಾ ಎಂಬ ಊರಿನಲ್ಲಿ ಜನಿಸಿದ ರಿಫಾಅರಿಗೆ ಆಗ ಇಪ್ಪತ್ತೈದರ ವಯಸ್ಸು. ನೆಪೋಲಿಯನ್ನನ ಸೇನೆ ಈಜಿಪ್ಟಿನಲ್ಲಿದ್ದ ಕಾಲದಲ್ಲಿ ಫ್ರೆಂಚ್ ವಿದ್ವಾಂಸರ ಒಡನಾಟವನ್ನು ಕಂಡಿದ್ದ ಗುರುಗಳು ಬೀಳ್ಕೊಡುವಾಗ ಹೇಳಿದ್ದು ಇಷ್ಟು: ಕಂಡದ್ದನ್ನೆಲ್ಲ ಬರೆದಿಡು, ಅದು ಜನರಿಗೆ ಉಪಯೋಗವಾಗಲಿ.

ತಿಂಗಳೊಂದರ ಹಡಗುಯಾನದ ನಂತರ ಮಾರ್ಸೇ ಬಂದರಿನಲ್ಲಿ ಇಳಿದವರನ್ನು ಮೊದಲು ರೋಗಭೀತಿಯ ಕಾರಣ ಹಲವು ದಿನ ಪ್ರತ್ಯೇಕವಾಗಿ ಇರಿಸಲಾಯಿತು. ಅಲ್ಲಿ ಎಲ್ಲವೂ ಹೊಸದು. ನೆಲದ ಮೇಲೆ ಕುಳಿತುಕೊಳ್ಳುವುದು ಆ ಜನರಿಗೆ ವಿಚಿತ್ರವಾದ್ದರಿಂದ ರಾಶಿ ಕುರ್ಚಿಗಳನ್ನು ತಂದಿಟ್ಟರು. ಊಟಕ್ಕೆ ಎತ್ತರದ ಮೇಜು, ಪ್ರತಿಯೊಬ್ಬನಿಗೂ ಬೇರೆ ತಟ್ಟೆ, ಬೇರೆ ಲೋಟ, ಚಾಕು, ಚಮಚ, ಮುಳ್ಳುಚಮಚ. ಕಾಫಿ ಅಂಗಡಿಯೊಂದನ್ನು ಹೊಕ್ಕಾಗ ಅದು ಜನಜಂಗುಳಿಯ ದೊಡ್ಡ ಬೀದಿಯೆಂದೇ ಅವರು ಭಾವಿಸಿದರು. ತಮ್ಮ ಮುಖವೇ ಎದುರಿಗೆ ಕಂಡಾಗ ಅದು ಗೋಡೆಗನ್ನಡಿಗಳ ಮಾಯೆಯೆಂದು ತಿಳಿಯಿತು. ಇದನ್ನೆಲ್ಲ ರಿಫಾಅ ನಾಚಿಕೆಯಿಲ್ಲದೆ, ಅಪಹಾಸ್ಯವನ್ನೂ ಮಾಡದೆ ಬರೆದಿಟ್ಟರು.

ಪ್ಯಾರಿಸ್‌ನಲ್ಲಿ ವಿದ್ಯಾರ್ಥಿಗಳೆಲ್ಲ ಮೊದಲು ಒಂದೇ ಮನೆಯಲ್ಲಿದ್ದರು. ಜೊತೆಯಲ್ಲಿದ್ದಾಗ ತಮ್ಮದೇ ಭಾಷೆಯಲ್ಲಿ ಮಾತು, ತಮ್ಮದೇ ಹರಟೆ. ಫ್ರೆಂಚ್ ಭಾಷೆ ಹತ್ತಲಿಲ್ಲ. ಆದ್ದರಿಂದ ಅವರನ್ನು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಫ್ರೆಂಚ್ ವಿದ್ಯಾರ್ಥಿಗಳಿದ್ದ ವಸತಿಶಾಲೆಗಳಿಗೆ ಹಂಚಲಾಯಿತು. ಪರವೂರಿನಲ್ಲಿ ತನ್ನವರಿಂದ ಅಗಲುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಆದರೆ ವಿದ್ಯೆ ಬಂದದ್ದು ಆ ಬಳಿಕವೇ. ಪ್ರಗತಿ ಸಾಲದೆಂದು ಕಂಡಾಗ ಕೈರೋದಿಂದ ಪಾಷಾರ ಗದರಿಕೆಯ ಪತ್ರವೂ ಬಂದಿತ್ತು.

ಗಮನಿಸಬೇಕಾದ ಸಂಗತಿಯೆಂದರೆ, ರಿಫಾಅ ಹೋದದ್ದು ಇಮಾಮರಾಗಿ, ವಿದ್ಯಾರ್ಥಿಯಾಗಿ ಅಲ್ಲ. ನಮಾಝ್‌ಗೆ ನಿಂತು, ಉಳಿದ ಹೊತ್ತನ್ನು ಸುಮ್ಮನೆ ಕಳೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ತಮಗೆ ದೊರೆಯುತ್ತಿದ್ದ ಭತ್ಯೆಯಿಂದಲೇ ಪುಸ್ತಕ ಕೊಂಡರು, ಖಾಸಗಿ ಶಿಕ್ಷಕರನ್ನು ಇಟ್ಟುಕೊಂಡರು. ರಾತ್ರಿಯ ಓದಿನಿಂದ ಎಡಗಣ್ಣಿನ ದೃಷ್ಟಿ ಕುಂದಿತು. ರಾತ್ರಿ ಓದಬೇಡಿರೆಂದು ವೈದ್ಯರು ಹೇಳಿದರೂ ಓದು ನಿಲ್ಲಲಿಲ್ಲ. ಇತಿಹಾಸ, ಭೂಗೋಳ, ಗಣಿತ, ನ್ಯಾಯಶಾಸ್ತ್ರಗಳಲ್ಲಿ ಪರಿಶ್ರಮಿಸಿ, 1830ರ ಅಂತಿಮ ಪರೀಕ್ಷೆಯಲ್ಲಿ ತಮ್ಮ ಹನ್ನೆರಡು ಅನುವಾದಗಳನ್ನು ಪರೀಕ್ಷಕರ ಮುಂದಿಟ್ಟರು.

ಹಾಗಾದರೆ ದೀನ್? ಇಲ್ಲಿಯೇ ಅವರ ವಿವೇಕ ಕಾಣುತ್ತದೆ. ಪ್ಯಾರಿಸ್ ಜನರ ಶುಚಿತ್ವ, ದುಡಿಮೆ, ಕುಶಲಕರ್ಮಿಗಳೂ ಓದುಬರಹ ಬಲ್ಲವರಾಗಿದ್ದುದು, ಗ್ರಂಥಾಲಯಗಳು, ಪತ್ರಿಕೆಗಳು, ಕಾನೂನಿನ ಮುಂದಿನ ಸಮಾನತೆ ಇವನ್ನು ಅವರು ಮನಸಾರೆ ಮೆಚ್ಚಿದರು. ಬುದ್ಧಿಯನ್ನೇ ಅಂತಿಮ ಪ್ರಮಾಣವೆಂದು ನಂಬಿ ಧರ್ಮವನ್ನು ಬದಿಗಿಟ್ಟುದನ್ನು, ಕೊಡುವ ಕೈಯ ಬಿಗಿತವನ್ನು ಅಷ್ಟೇ ನೇರವಾಗಿ ಟೀಕಿಸಿದರು. ಅಲ್ಲಿನ ತತ್ತ್ವಗ್ರಂಥಗಳನ್ನು ಓದುವವನು ಮೊದಲು ಕುರ್‌ಆನ್ ಮತ್ತು ಸುನ್ನತ್‌ಗಳಲ್ಲಿ ಗಟ್ಟಿಯಾಗಿ ನೆಲೆಯೂರಿರಬೇಕೆಂದೂ ಎಚ್ಚರಿಸಿದರು. ಓದಬಾರದೆಂದು ಹೇಳಲಿಲ್ಲ, ಬೇರು ಇಲ್ಲದೆ ಓದಬಾರದೆಂದರು.

1831ರಲ್ಲಿ ಅವರು ಮರಳಿದರು. 1834ರಲ್ಲಿ ಕೈರೋದ ಬೂಲಾಕ್ ಮುದ್ರಣಾಲಯದಲ್ಲಿ ಅಚ್ಚಾದ ಅವರ ಪ್ರವಾಸಗ್ರಂಥದ ಹೆಸರಿನಲ್ಲಿಯೇ ಅಪರಂಜಿ ಚಿನ್ನವನ್ನು ಶೋಧಿಸಿ ತೆಗೆಯುವ ಅರ್ಥವಿದೆ. 1835ರಲ್ಲಿ ಆರಂಭವಾದ ಭಾಷಾಶಾಲೆಯ ಮುಖ್ಯಸ್ಥರಾಗಿ ಅನುವಾದಕರ ಒಂದು ಪೀಳಿಗೆಯನ್ನೇ ಬೆಳೆಸಿದರು. 1873ರಲ್ಲಿ ಅವರು ನಿಧನರಾಗುವ ಹೊತ್ತಿಗೆ ಆಧುನಿಕ ಅರಬ್ ವಿದ್ಯೆಯ ಹಾದಿ ತೆರೆದಿತ್ತು.

ಪ್ರಿಯ ತಂದೆತಾಯಿಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇಷ್ಟೇ. ವಿಮಾನ ನಿಲ್ದಾಣದಲ್ಲಿ ಕೊಡುವ ಬುದ್ಧಿಮಾತು ಅಷ್ಟು ದೂರ ಬಾರದು. ರಿಫಾಅರನ್ನು ಕಾದದ್ದು ಕೈರೋದಲ್ಲಿ ಗುರುಗಳ ಮುಂದೆ ಕುಳಿತು ಕಲಿತ ವರ್ಷಗಳು. ಹುಡುಗನೇ ಇರಲಿ, ಹುಡುಗಿಯೇ ಇರಲಿ, ಸೋಸುವ ಜರಡಿಯನ್ನು ಮನೆಯಲ್ಲಿಯೇ ಕೊಟ್ಟು ಕಳುಹಿಸಿರಿ. ಕಂಡದ್ದನ್ನು ಬರೆದು ತಿಳಿಸೆಂದು ಹೇಳಿರಿ. ಆ ಮೇಲೆ ಅಲ್ಲಾಹನ ಮೇಲೆ ಭರವಸೆಯಿಟ್ಟು ಬೀಳ್ಕೊಡಿರಿ.