‘ವಿಮಾನ ಬೇಡ, ಕಾರಲ್ಲೇ ಹೋಗೋಣ’: ರಜೆ ಪ್ರಯಾಣದ ಲೆಕ್ಕ ಎಲ್ಲಿ ತಪ್ಪುತ್ತದೆ?

“ಮಕ್ಕಳನ್ನು ಕರ್ಕೊಂಡು ವಿಮಾನ ಹತ್ತಬೇಡಿ. ಕಾರಾದ್ರೆ ಸ್ಟೇರಿಂಗ್ ನಮ್ಮ ಕೈಯಲ್ಲಿರುತ್ತೆ.” 2025ರ ಜೂನ್ 12ರಂದು ಅಹಮದಾಬಾದ್‌ನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಬಿದ್ದ ಮೇಲೆ ಈ ಧಾಟಿಯ ಮೆಸೇಜುಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಲೇ ಇವೆ. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ. ನೆಲದ ಮೇಲಿದ್ದವರೂ ಸೇರಿ ಸತ್ತವರು 260 ಜನ. ಹೆದರಿಕೆಯಾಗುವುದು ಸಹಜ. ಆದರೆ ಆ ಹೆದರಿಕೆಯಿಂದ ಟಿಕೆಟ್ ಕ್ಯಾನ್ಸಲ್ ಮಾಡಿ, ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಬಂದು, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಗೋವಾಕ್ಕೆ ಕಾರು ಹೊರಡಿಸಿದರೆ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಹಾಗಂತ ಎಲ್ಲರೂ ವಿಮಾನದಲ್ಲೇ ಹೋಗಿ ಎಂದು ನಾವು ಹೇಳುತ್ತಿಲ್ಲ. ಕಾರು ಆರಿಸಿಕೊಳ್ಳಲು ಒಳ್ಳೆಯ ಕಾರಣಗಳು ಬೇಕಾದಷ್ಟಿವೆ. ‘ಸುರಕ್ಷಿತ’ ಎನ್ನುವುದು ಮಾತ್ರ ಅವುಗಳಲ್ಲಿ ಒಂದಲ್ಲ.

ಅಂಕಿಅಂಶ ಏನು ಹೇಳುತ್ತದೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ಕ್ಕೂ ಹೆಚ್ಚು. ಇದನ್ನು ನೇರವಾಗಿ ವಿಮಾನದ ಜೊತೆ ಹೋಲಿಸಿ ಗಾಬರಿ ಹುಟ್ಟಿಸುವ ಫಾರ್ವರ್ಡ್‌ಗಳೂ ಇವೆ, ಅದು ನ್ಯಾಯವಲ್ಲ. ಈ ಸಾವುಗಳಲ್ಲಿ ಹೆಚ್ಚಿನ ಪಾಲು ಬೈಕ್, ಸ್ಕೂಟರ್ ಸವಾರರು ಮತ್ತು ಪಾದಚಾರಿಗಳದು. ಕಾರು, ಟ್ಯಾಕ್ಸಿ, ವ್ಯಾನುಗಳಲ್ಲಿದ್ದವರನ್ನಷ್ಟೇ ಎಣಿಸಿದರೆ ಆ ವರ್ಷ ಸುಮಾರು 21 ಸಾವಿರ, ಅಂದರೆ ದಿನಕ್ಕೆ ಐವತ್ತೇಳರಷ್ಟು.

ಈಗ ಇನ್ನೊಂದು ಕಡೆ ನೋಡಿ. 2024ರಲ್ಲಿ ಇಡೀ ಪ್ರಪಂಚದಲ್ಲಿ ಸುಮಾರು 4 ಕೋಟಿ ವಿಮಾನ ಹಾರಾಟಗಳು ನಡೆದವು, ಅವುಗಳಲ್ಲಿದ್ದು ಸತ್ತವರು 244 ಜನ ಎನ್ನುತ್ತದೆ ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಟಿಎ. ಮರುವರ್ಷದ ಅಹಮದಾಬಾದ್ ದುರಂತದ 260ನ್ನೂ ಅದಕ್ಕೆ ಕೂಡಿಸಿದರೆ 504. ನಮ್ಮ ದೇಶದ ಕಾರುಗಳೊಳಗೆ ಅಷ್ಟು ಜನ ಸಾಯಲು ಒಂಬತ್ತು ದಿನ ಸಾಕು.

ಕಾರಿನಲ್ಲಿ ಓಡಾಡುವವರ ಸಂಖ್ಯೆ ವಿಮಾನದವರಿಗಿಂತ ಎಷ್ಟೋ ಪಟ್ಟು ದೊಡ್ಡದಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹಾಗಾದರೆ ನಾವು ರಜೆಗೆ ಹತ್ತುವಂಥ ವಿಮಾನವನ್ನಷ್ಟೇ ತೆಗೆದುಕೊಳ್ಳೋಣ: ದೇಶದೊಳಗೇ ಹಾರುವ, ವೇಳಾಪಟ್ಟಿಯಿರುವ ಪ್ರಯಾಣಿಕ ವಿಮಾನ. 2024ರಲ್ಲಿ ಇವುಗಳಲ್ಲಿ ಓಡಾಡಿದವರು 16 ಕೋಟಿ ಜನ. ಇಂಥ ವಿಮಾನ ಬಿದ್ದು ಪ್ರಯಾಣಿಕರು ಸತ್ತದ್ದು 2000ದ ಜುಲೈ 17ರಂದು, ಪಟ್ನಾದಲ್ಲಿ. ಅಲ್ಲಿಂದ 2025ರ ಕೊನೆಯವರೆಗೆ ಮತ್ತೆ ಅಂಥದ್ದು ನಡೆದಿಲ್ಲ. 2010ರ ಮಂಗಳೂರು, 2020ರ ಕೋಯಿಕ್ಕೋಡ್, 2025ರ ಅಹಮದಾಬಾದ್ ಮೂರೂ ವಿದೇಶ ಪ್ರಯಾಣದ ವಿಮಾನಗಳು.

ಹೆದರಿ ಕಾರು ಹತ್ತಿದವರಿಗೆ ಏನಾಯಿತು?

ಇದಕ್ಕೆ ಉತ್ತರ ಅಮೆರಿಕದಲ್ಲಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ವಿಮಾನದ ಕಡೆ ತಲೆ ಹಾಕಲಿಲ್ಲ, ದೂರದೂರಿಗೂ ಕಾರಿನಲ್ಲೇ ಹೋದರು. ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಆ ಹನ್ನೆರಡು ತಿಂಗಳ ರಸ್ತೆ ಅಪಘಾತಗಳ ದಾಖಲೆ ತೆಗೆದು ನೋಡಿದರು. ಮಾಮೂಲಿಗಿಂತ ಸುಮಾರು 1,500 ಜನ ಹೆಚ್ಚಾಗಿ ರಸ್ತೆಯಲ್ಲಿ ಸತ್ತಿದ್ದರು ಎಂಬುದು ಅವರ ಅಂದಾಜು. ಅಪಹರಣವಾದ ನಾಲ್ಕೂ ವಿಮಾನಗಳಲ್ಲಿ ಇದ್ದ ಪ್ರಯಾಣಿಕರ ಸಂಖ್ಯೆಯ ಹಲವು ಪಟ್ಟು ಇದು. ಈ ಸಾವುಗಳು ಒಂದೊಂದಾಗಿ, ಬೇರೆ ಬೇರೆ ಊರುಗಳಲ್ಲಿ ಆದವು. ಹಾಗಾಗಿ ಟಿವಿಯಲ್ಲಿ ಬರಲಿಲ್ಲ.

ನಮ್ಮಲ್ಲೂ ಹಾಗೆಯೇ. ವಿಮಾನ ಬಿದ್ದರೆ ವಾರವಿಡೀ ಸುದ್ದಿ. ಚಿತ್ರದುರ್ಗದ ಹತ್ತಿರ ನಸುಕಿನಲ್ಲಿ ನಿಂತ ಲಾರಿಗೆ ಕಾರು ಗುದ್ದಿದರೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು.

ಸ್ಟೇರಿಂಗ್ ಕೈಯಲ್ಲಿದೆ, ಕಣ್ಣು?

ವಿಮಾನದ ಪೈಲಟ್ ಎಷ್ಟು ಹೊತ್ತು ಕೆಲಸ ಮಾಡಬೇಕು, ಎಷ್ಟು ಮಲಗಬೇಕು ಎನ್ನುವುದಕ್ಕೆ ಕಾನೂನಿದೆ. ವಾರಕ್ಕೆ ಒಮ್ಮೆ ಒಟ್ಟಿಗೆ 48 ಗಂಟೆ ವಿಶ್ರಾಂತಿ ಕೊಡಲೇಬೇಕು ಎನ್ನುವುದು ಡಿಜಿಸಿಎ ನಿಯಮ. ಇದೂ ಸೇರಿದಂತೆ ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಗಳಿಗೆ ಸಾಕಷ್ಟು ಸಿದ್ಧತೆಯಿಲ್ಲದೆ 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾಗಿ, ಜನ ಏರ್‌ಪೋರ್ಟುಗಳಲ್ಲೇ ಮಲಗಿದ್ದು ನೆನಪಿರಬಹುದು. ಪ್ರಯಾಣಿಕರಿಗೆ ಅದು ನರಕವೇ ಆಗಿತ್ತು, ನಿಜ. ಆದರೆ ನಿದ್ದೆಗೆಟ್ಟವರನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸಬಾರದು ಎಂಬ ನಿಯಮವಾದರೂ ಅಲ್ಲಿದೆ. ಸ್ವಂತ ಕಾರಿನಲ್ಲಿ ಸ್ಟೇರಿಂಗ್ ಹಿಡಿಯುವ ಅಪ್ಪನಿಗೋ ಅಮ್ಮನಿಗೋ ಯಾವ ನಿಯಮವೂ ಇಲ್ಲ.

ಬೆಳಿಗ್ಗೆ ಆರಕ್ಕೆ ಎದ್ದವರು ದಿನವಿಡೀ ಕೆಲಸ ಮಾಡಿ, ಬ್ಯಾಗು ತುಂಬಿ, ರಾತ್ರಿ ಹನ್ನೊಂದಕ್ಕೆ ಹೊರಟರು ಎನ್ನಿ. ಗಾಡಿ ನೈಸ್ ರಸ್ತೆ ದಾಟುವ ಹೊತ್ತಿಗೇ ಎಚ್ಚರವಾಗಿ 17 ಗಂಟೆ ಕಳೆದಿರುತ್ತದೆ. 17 ಗಂಟೆ ನಿದ್ದೆಯಿಲ್ಲದವರ ಕೈ, ಕಣ್ಣು, ಮೆದುಳು ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರಂತೆ ಕೆಲಸ ಮಾಡುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಚಾಲಕರಿಗೆ ಇರುವ ಮಿತಿ ಶೇ. 0.03. ಅಂದರೆ ಒಂದು ಹನಿಯೂ ಕುಡಿಯದೆ ನೀವು ಆ ಗೆರೆ ದಾಟಿರುತ್ತೀರಿ. ಪೊಲೀಸರು ಊದಿಸಿದರೆ ಮಿಷನ್ ಸೊನ್ನೆ ತೋರಿಸುತ್ತದೆ, ಅಷ್ಟೇ.

ಮಧ್ಯರಾತ್ರಿ ಎರಡರಿಂದ ಬೆಳಿಗ್ಗೆ ಐದರವರೆಗೆ ದೇಹ ತಾನಾಗಿಯೇ ನಿದ್ದೆಗೆ ಎಳೆಯುತ್ತದೆ. ಆಗ ಬರುವ ಜೋಂಪು ಮೂರು ನಾಲ್ಕು ಸೆಕೆಂಡಿನದು. ಬಂದದ್ದು ಎಷ್ಟೋ ಸಲ ಚಾಲಕರಿಗೇ ತಿಳಿಯುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡಿಗೆ ಕಾರು 110 ಮೀಟರ್ ಹೋಗಿರುತ್ತದೆ.

“ರಾತ್ರಿ ರೋಡು ಖಾಲಿ, ಬೇಗ ತಲುಪಬಹುದು” ಎನ್ನುವ ಮಾತಿನ ಮೊದಲರ್ಧ ನಿಜ. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಯಾವುದೂ ನಿದ್ದೆಗೆ ಮದ್ದಲ್ಲ. ಸ್ವಲ್ಪ ಕೆಲಸ ಮಾಡುವುದು ಎರಡೇ: ಗಾಡಿಯನ್ನು ಹೆದ್ದಾರಿಯ ಅಂಚಿನಲ್ಲಿ ಅಲ್ಲ, ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಆವರಣದೊಳಗೆ ನಿಲ್ಲಿಸಿ ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗುವುದು (ಕಾಫಿ ಕೆಲಸ ಶುರು ಮಾಡಲು ಸುಮಾರು ಅಷ್ಟೇ ಹೊತ್ತು ಬೇಕು), ಇಲ್ಲವೇ ಸ್ಟೇರಿಂಗನ್ನು ಚೆನ್ನಾಗಿ ನಿದ್ದೆ ಮಾಡಿರುವ ಇನ್ನೊಬ್ಬರಿಗೆ ಕೊಡುವುದು. ಇದಕ್ಕಿಂತ ಸುಲಭದ್ದು, ರಾತ್ರಿ ಮನೆಯಲ್ಲೇ ಮಲಗಿ ಬೆಳಿಗ್ಗೆ ಐದಕ್ಕೆ ಹೊರಡುವುದು.

ಹಿಂದಿನ ಸೀಟಿನ ಬೆಲ್ಟ್

ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. ಕಾರು ಮರ್ಸಿಡಿಸ್. ಮುಂದೆ ಕೂತಿದ್ದ ಇಬ್ಬರು ಬದುಕಿದರು. ಹಿಂದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ. ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಎಷ್ಟೇ ದುಬಾರಿ ಕಾರಾದರೂ ಏರ್‌ಬ್ಯಾಗ್ ಇರುವುದು ಬೆಲ್ಟಿನ ಜೊತೆಗೆ, ಬೆಲ್ಟಿನ ಬದಲಿಗೆ ಅಲ್ಲ.

2022ರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಜನ, ಅವರಲ್ಲಿ ಸುಮಾರು ಅರ್ಧದಷ್ಟು ಪ್ರಯಾಣಿಕರು ಎಂದು ಅದೇ ಸಚಿವಾಲಯದ ವರದಿ ಹೇಳುತ್ತದೆ. ಆದರೂ ನಮ್ಮ ಬಹಳಷ್ಟು ಕಾರುಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಸೀಟ್ ಕವರಿನ ಕೆಳಗೆ ಹೂತುಹೋಗಿರುತ್ತದೆ. ಹೊರಡುವ ಮುಂಚೆ ಅದನ್ನು ಹೊರಗೆ ತೆಗೆಯಿರಿ.

ಇನ್ನು ಮಕ್ಕಳು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡರೆ ಗಟ್ಟಿಯಾಗಿ ಹಿಡಿದುಕೊಳ್ಳಬಹುದು ಎನ್ನುವುದು ಸುಳ್ಳು ಧೈರ್ಯ. 50 ಕಿ.ಮೀ. ವೇಗದಲ್ಲಿ ಗುದ್ದಿದಾಗ 10 ಕಿಲೋ ಮಗು ಕೆಲವು ನೂರು ಕಿಲೋ ಭಾರದ ಹಾಗೆ ಮುಂದಕ್ಕೆ ನುಗ್ಗುತ್ತದೆ. ಯಾವ ತಾಯಿಯ ತೋಳಿಗೂ ಅದನ್ನು ತಡೆಯಲಾಗದು. ಜೊತೆಗೆ, ಬಿಚ್ಚಿಕೊಳ್ಳುವ ಏರ್‌ಬ್ಯಾಗಿನ ಹೊಡೆತವೂ ಮಗುವಿಗೇ ಬೀಳುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ ಚಾಲಕರಿಗೆ 1,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ದಂಡ ವಸೂಲಾಗುವುದು ಅಪರೂಪ, ಆ ಮಾತು ಬೇರೆ.

ದುಡ್ಡು ಮತ್ತು ಸಮಯ

ಕಾರು ನಿಜವಾಗಿ ಗೆಲ್ಲುವುದು ಇಲ್ಲಿ. ಬೆಂಗಳೂರಿನಿಂದ ಗೋವಾಕ್ಕೆ ಹೆಚ್ಚುಕಮ್ಮಿ 570 ಕಿ.ಮೀ. ಹೋಗಿಬರಲು, ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ, ಸುಮಾರು 76 ಲೀಟರ್ ಪೆಟ್ರೋಲ್. ಲೀಟರಿಗೆ 103 ರೂಪಾಯಿಯಂತೆ 7,800 ರೂಪಾಯಿ ಚಿಲ್ಲರೆ, ಮೇಲೆ ಟೋಲ್. ಒಂದು ಟಿಕೆಟ್ಟಿಗೆ 3,500 ಎಂದುಕೊಂಡರೂ ನಾಲ್ವರಿಗೆ ಎರಡೂ ಕಡೆಗೆ 28,000 ಆಗುತ್ತದೆ. ಮಕ್ಕಳಿಗೆ ಅರ್ಧ ಟಿಕೆಟ್ ಎಂದು ನಂಬಬೇಡಿ: ವಿಮಾನದಲ್ಲಿ ಎರಡು ವರ್ಷ ತುಂಬಿದ ಮಗುವಿಗೆ ಪೂರ್ತಿ ಸೀಟು, ಹೆಚ್ಚುಕಮ್ಮಿ ಪೂರ್ತಿ ದರ. ಏರ್‌ಪೋರ್ಟಿಗೆ ಹೋಗಿಬರುವ ಟ್ಯಾಕ್ಸಿ, ಗೋವಾದಲ್ಲಿ ಓಡಾಡುವ ಖರ್ಚು ಪ್ರತ್ಯೇಕ. ಇಬ್ಬರೇ ಹೋಗುವವರಾದರೆ, ಮುಂಚೆಯೇ ಟಿಕೆಟ್ ಮಾಡಿಸಿದ್ದರೆ, ಅಂತರ ಅಷ್ಟೊಂದು ಉಳಿಯುವುದಿಲ್ಲ.

ಸಮಯದ ಲೆಕ್ಕ ಮನೆ ಬಾಗಿಲಿನಿಂದ ರೂಮಿನ ಬಾಗಿಲಿಗೆ ಹಾಕಬೇಕು. ಹಾರಾಟ ಒಂದೂಕಾಲು ಗಂಟೆಯಾದರೂ ಜೆ.ಪಿ. ನಗರದಿಂದ ದೇವನಹಳ್ಳಿಗೆ ಒಂದೂವರೆ ಎರಡು ಗಂಟೆ, ಅಲ್ಲಿ ಎರಡು ಗಂಟೆ, ಇಳಿದ ಮೇಲೆ ಬ್ಯಾಗಿಗೆ ಅರ್ಧ ಗಂಟೆ, ಬೀಚಿಗೆ ಇನ್ನೊಂದು ಗಂಟೆ. ಒಟ್ಟು ಆರೂವರೆ ಏಳು ಗಂಟೆ. ಕಾರಿನಲ್ಲಿ ಊಟ ತಿಂಡಿ ಸೇರಿ ಹನ್ನೊಂದು. ಉಳಿಯುವುದು ನಾಲ್ಕು ಗಂಟೆ, ಅದಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಬೆಲೆಯೋ ನೀವೇ ಹೇಳಬೇಕು. ಟಿಕೆಟ್ ಮಾಡಿಸುವಾಗ ಗೋವಾದಲ್ಲಿ ಎರಡು ಏರ್‌ಪೋರ್ಟ್ ಇವೆ ಎನ್ನುವುದನ್ನು ಮರೆಯಬೇಡಿ. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ತುದಿಯಲ್ಲಿದೆ. ರೂಮು ದಕ್ಷಿಣದ ಪಾಲೋಳೆಂನಲ್ಲಿದ್ದರೆ ಅಲ್ಲಿಂದ ಮತ್ತೆ ಸುಮಾರು 100 ಕಿ.ಮೀ.; ಉಳಿದ ಸಮಯ, ದುಡ್ಡು ಎರಡೂ ಅಲ್ಲೇ ಖರ್ಚು. ದಾಬೋಲಿಂ ಅವರಿಗೆ ಹತ್ತಿರ.

ಹುಬ್ಬಳ್ಳಿ, ಬೆಳಗಾವಿಯವರಿಗೆ ಈ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಗೋವಾ. ಮಳೆಗಾಲದಲ್ಲಿ ಮಾತ್ರ ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ರಾಷ್ಟ್ರೀಯ ಹೆದ್ದಾರಿಯ ಮೇಲೇ.

ಕಾಲು ಮತ್ತು ಕಿವಿ

“ವಿಮಾನದಲ್ಲಿ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ವಯಸ್ಸಾದವರನ್ನು ಕಾರಿನಲ್ಲೇ ಕರೆದೊಯ್ಯಿರಿ” ಎನ್ನುವುದು ಇನ್ನೊಂದು ಫಾರ್ವರ್ಡ್. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕೂತರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಅದು ವಿಮಾನವಿರಲಿ, ರೈಲು, ಬಸ್ಸು, ಕಾರು ಯಾವುದೇ ಇರಲಿ. ಹಾಗೆ ನೋಡಿದರೆ ಗೋವಾ ದಾರಿಯಲ್ಲಿ ಕಾಲಿಗೆ ತೊಂದರೆ ಕೊಡಬಹುದಾದದ್ದು ಒಂದೂಕಾಲು ಗಂಟೆಯ ವಿಮಾನವಲ್ಲ, ಹನ್ನೊಂದು ಗಂಟೆಯ ಕಾರು. ಆರೋಗ್ಯವಂತರಲ್ಲಿ ಒಟ್ಟಾರೆ ಅಪಾಯ ತೀರಾ ಸಣ್ಣದು. ಎರಡು ಗಂಟೆಗೊಮ್ಮೆ ಇಳಿದು ನಡೆದಾಡಿದರೆ, ನೀರು ಕುಡಿದರೆ ಸಾಕು. ಮೊದಲೇ ಹೆಪ್ಪುಗಟ್ಟಿದ ಇತಿಹಾಸವಿರುವವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಯಾವುದರಲ್ಲಿ ಹೋದರೂ ವೈದ್ಯರನ್ನು ಕೇಳಿಯೇ ಹೊರಡಲಿ.

ವಿಮಾನದಲ್ಲಿ ಮಕ್ಕಳು ಅಳುವುದು ಹೆಚ್ಚಾಗಿ ಇಳಿಯುವಾಗ. ಒತ್ತಡ ಬದಲಾದಾಗ ಮೂಗು ಮತ್ತು ಕಿವಿಯ ನಡುವಿನ ಸಣ್ಣ ನಾಳ ತೆರೆದುಕೊಳ್ಳದೆ ಕಿವಿ ನೋಯುತ್ತದೆ. ಏನನ್ನಾದರೂ ನುಂಗಿದಾಗ ಆ ನಾಳ ತೆರೆಯುತ್ತದೆ. ಕೂಸಿಗೆ ಹಾಲು ಕುಡಿಸಿ, ದೊಡ್ಡ ಮಕ್ಕಳಿಗೆ ಆಗಾಗ ಒಂದೊಂದು ಗುಟುಕು ನೀರು ಕೊಡಿ. ಜೋರು ನೆಗಡಿಯಿದ್ದರೆ ನೋವು ಹೆಚ್ಚು.

ಇನ್ನೂ ಮೂರು ಫಾರ್ವರ್ಡ್‌ಗಳು

ಅಹಮದಾಬಾದ್‌ನಲ್ಲಿ ಬದುಕಿದವರು ಕೂತಿದ್ದ 11ಎ ಸೀಟನ್ನೇ ಬುಕ್ ಮಾಡಿ ಎನ್ನುತ್ತದೆ ಒಂದು. ಆ ವಿಮಾನದಲ್ಲಿ ಅದು ತುರ್ತು ಬಾಗಿಲಿನ ಪಕ್ಕದಲ್ಲಿತ್ತು. ಸೀಟುಗಳ ಜೋಡಣೆ ವಿಮಾನದಿಂದ ವಿಮಾನಕ್ಕೆ ಬೇರೆ, ನಂಬರಿಗೆ ಯಾವ ಶಕ್ತಿಯೂ ಇಲ್ಲ.

ಟೈರಿಗೆ ನೈಟ್ರೋಜನ್ ತುಂಬಿಸಿದರೆ ಸಿಡಿಯುವುದಿಲ್ಲ ಎನ್ನುತ್ತದೆ ಇನ್ನೊಂದು. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಸಾಮಾನ್ಯ ಕಾರಣಗಳು ಗಾಳಿ ಕಡಿಮೆ, ಭಾರ ಹೆಚ್ಚು, ಟೈರು ಹಳೆಯದು. ಎಷ್ಟು ಗಾಳಿ ಬೇಕು ಎನ್ನುವುದು ಚಾಲಕರ ಬಾಗಿಲಿನ ಬಳಿಯ ಸ್ಟಿಕ್ಕರಿನಲ್ಲಿರುತ್ತದೆ. ಪೂರ್ತಿ ಲೋಡಿಗೆ ಬೇರೆ ಅಂಕಿ ಇರುತ್ತದೆ, ಅದನ್ನು ನೋಡಿ, ಟೈರು ತಣ್ಣಗಿರುವಾಗಲೇ ತುಂಬಿಸಿ.

ಮೂರನೆಯದು ನಿಜವೇ: ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಅದರಲ್ಲಿರುವ ಎಣ್ಣೆಯಿಂದಾಗಿ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ತಿಪಟೂರಿನ ನೆಂಟರು ಕೊಟ್ಟ ಕೊಬ್ಬರಿ ಗಿಟುಕು ಕಾರಿನ ಡಿಕ್ಕಿಯಲ್ಲಿ ಆರಾಮಾಗಿ ಹೋಗುತ್ತದೆ. ಪವರ್ ಬ್ಯಾಂಕನ್ನೂ ಚೆಕ್-ಇನ್‌ಗೆ ಹಾಕಬೇಡಿ, ಅದು ಕೈಚೀಲದಲ್ಲೇ ಇರಬೇಕು.