ಅತಿಮಾನುಷ ಪತ್ತೇದಾರಿ ಕಥನ

ದೆವ್ವ, ಶಾಪ, ಮಾಟಗಳ ಶಂಕೆ ಸುತ್ತಿಕೊಂಡ ಘಟನೆಯನ್ನು ಸುಳಿವು ಹಿಡಿದು ಶೋಧಿಸುವ ಕಥಾಪ್ರಕಾರ. ಐರಿಷ್ ಲೇಖಕ ಶೆರಿಡನ್ ಲೆ ಫನು 1872ರ ಸಂಕಲನದಲ್ಲಿ ತಂದ ವೈದ್ಯ ಹೆಸೆಲಿಯಸ್ ಇದರ ಆರಂಭದ ಮಾದರಿಗಳಲ್ಲೊಬ್ಬ. ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟವರು ಎನ್. ನರಸಿಂಹಯ್ಯ; ಆದರೆ ಭೂತಭಯ ಮತ್ತು ಶೋಧ ಬೆರೆತ ಕಥೆ ಹೆಚ್ಚು ಬೆಳೆದದ್ದು ಸಿನಿಮಾದಲ್ಲಿ. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಆಧರಿಸಿದ ‘ಆಪ್ತಮಿತ್ರ’ (2004) ಇದರ ಮುಖ್ಯ ನಿದರ್ಶನ. ಅದರಲ್ಲಿ ನಾಗವಲ್ಲಿ ಎಂಬ ಪ್ರೇತದ್ದೆನಿಸಿದ ಕಾಟ ಮನೋರೋಗವೆಂದು ಕೊನೆಗೆ ತಿಳಿಯುವುದರಿಂದ ಅದು ಈ ಪ್ರಕಾರಕ್ಕೆ ಸೇರದು ಎಂಬ ಆಕ್ಷೇಪವುಂಟು. ಈ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ: ಚಿತ್ರದಲ್ಲಿ ಮನೋವೈದ್ಯ ಮಾಂತ್ರಿಕ ವಿಧಿಯನ್ನು ತಳ್ಳಿಹಾಕದೆ, ಅದನ್ನು ನಡೆಸುವ ಆಚಾರ್ಯರ ನೆರವಿನಿಂದಲೇ, ಮನುಷ್ಯನ ಬದಲು ಗೊಂಬೆಯನ್ನು ಕತ್ತಿಗೆ ಒಡ್ಡಿ ರೋಗ ಬಿಡಿಸುತ್ತಾನೆ. ಪ್ರಕಾರವನ್ನು ಗುರುತಿಸಬೇಕಾದದ್ದು ಉತ್ತರದಿಂದಲ್ಲ, ಅತಿಮಾನುಷ, ಲೌಕಿಕ ಎರಡೂ ಸಾಧ್ಯತೆಗಳನ್ನು ಕೈಬಿಡದ ಶೋಧದಿಂದ. ‘ರಂಗಿತರಂಗ’ (2015) ತುಳುನಾಡಿನ ಹಿನ್ನೆಲೆಯಲ್ಲಿ ಇದೇ ಜಾಡು ಹಿಡಿಯಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲೂ ಇಂಥ ಕಥೆಗೆ ಸಾಮಗ್ರಿಯಿದೆ: ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವಲ್ಲಿ, ಹಿಂದೆ ಆಳಿದ ಅರಸನೊಬ್ಬ ಕುದುರೆ ಸಮೇತ ಜಲಪಾತಕ್ಕೆ ಹಾರಿದನೆಂಬ ಐತಿಹ್ಯವಿದೆ; ಅದರ ಪಕ್ಕದಲ್ಲೇ ವಿಜ್ಞಾನವೂ ಇದೆ, ಅದೇ ನೀರಿನಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು.