ಗಾಲಿಕುರ್ಚಿಯ ಪಟ್ಟಿ ಸಡಿಲವಾದ ಕಥೆ

ಗಾಲಿಕುರ್ಚಿಯಿಂದ ಏಳುವವರು ಮೊದಲು ಎರಡು ಕೆಲಸ ಮಾಡಬೇಕು. ಚಕ್ರಗಳಿಗೆ ಬ್ರೇಕ್ ಹಾಕಬೇಕು, ಕಾಲಿಡುವ ಹಲಗೆಗಳನ್ನು ಮೇಲಕ್ಕೆ ಮಡಚಬೇಕು. ನೆನಪು ಮಸುಕಾಗುತ್ತಿರುವ ಹಿರಿಯರಿಗೆ ಈ ಎರಡೂ ಮರೆತುಹೋಗುತ್ತವೆ. ಅಷ್ಟೇ ಅಲ್ಲ, ತಮಗೆ ನಡೆಯಲಾಗದು ಎಂಬುದನ್ನೇ ಮರೆತು ಅವರು ಎದ್ದು ನಿಲ್ಲಲು ಹೋಗುತ್ತಾರೆ. ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಅವರು ನೆಲಕ್ಕೆ ಬೀಳುತ್ತಾರೆ. ಇಂಥವರನ್ನು ಕಾಪಾಡುವುದು ಹೇಗೆ? ಅಮೆರಿಕದ ಶುಶ್ರೂಷಾಲಯಗಳಲ್ಲಿ ಬಹುಕಾಲ ಇದಕ್ಕಿದ್ದ ಉತ್ತರ ಸರಳವಾಗಿತ್ತು: ಕಟ್ಟಿ ಕೂರಿಸುವುದು!

ಗಾಲಿಕುರ್ಚಿಯ ಇತಿಹಾಸವನ್ನು ನೋಡಿದರೆ ಇದರ ಹಿನ್ನೆಲೆ ತಿಳಿಯುತ್ತದೆ. ಸಂಧಿವಾತದಿಂದ ನರಳುತ್ತಿದ್ದ ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಗಾಲಿಯುಳ್ಳ ಕುರ್ಚಿಯ ಚಿತ್ರ 1595ರದು. ಅದನ್ನು ತಳ್ಳಲು ಸೇವಕರು ಬೇಕಿತ್ತು. 1655ರಲ್ಲಿ ಜರ್ಮನಿಯ ಗಡಿಯಾರ ತಯಾರಕ ಸ್ಟೆಫಾನ್ ಫಾರ್ಫ್ಲರ್, ಕಾಲುಗಳ ಬಲವಿಲ್ಲದ ತನಗಾಗಿಯೇ, ಕೈಯಿಂದ ತಿರುಗಿಸಿ ಓಡಿಸುವ ಮೂರು ಚಕ್ರದ ಗಾಡಿಯೊಂದನ್ನು ಕಟ್ಟಿದ. 1918ರಲ್ಲಿ ಗಣಿ ಅಪಘಾತಕ್ಕೆ ಸಿಕ್ಕಿ ಕಾಲುಗಳ ಶಕ್ತಿ ಕಳೆದುಕೊಂಡ ಅಮೆರಿಕದ ಹರ್ಬರ್ಟ್ ಎವರೆಸ್ಟ್, ತನ್ನ ಎಂಜಿನಿಯರ್ ಗೆಳೆಯ ಹ್ಯಾರಿ ಜೆನಿಂಗ್ಸ್ ಜತೆಗೂಡಿ 1933ರಲ್ಲಿ ಉಕ್ಕಿನ ಕೊಳವೆಗಳ ಮಡಚುವ ಕುರ್ಚಿ ರೂಪಿಸಿದ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ವಿದ್ಯುತ್ ಕುರ್ಚಿ ಸಿದ್ಧಪಡಿಸಿದ. ಇವರೆಲ್ಲರ ಮನಸ್ಸಿನಲ್ಲಿದ್ದುದು ಕಾಲು ಸೋತರೂ ಬುದ್ಧಿ ಚುರುಕಾಗಿರುವ ಮನುಷ್ಯ. ಬ್ರೇಕ್ ಹಾಕುವ ನೆನಪು ಕೂತವರಿಗೆ ಇದ್ದೇ ಇರುತ್ತದೆ ಎಂದು ಎಲ್ಲರೂ ಭಾವಿಸಿದ್ದರು.

ಮರೆವಿನ ಕಾಯಿಲೆಯ ಕಥೆ ಬೇರೆಯೇ ದಾರಿಯಲ್ಲಿ ಸಾಗಿತ್ತು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಮನೋರೋಗ ಆಸ್ಪತ್ರೆಗೆ ದಾಖಲಾದ 51 ವರ್ಷದ ಆಗುಸ್ಟೆ ಡೆಟರ್ ಎಂಬ ಮಹಿಳೆಯನ್ನು ವೈದ್ಯ ಅಲೋಯಿಸ್ ಆಲ್‌ಝೈಮರ್ ಪರೀಕ್ಷಿಸಿದರು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಬದಲಾವಣೆಗಳನ್ನು ಅದೇ ವರ್ಷ ವೈದ್ಯರ ಸಭೆಯೊಂದರಲ್ಲಿ ವಿವರಿಸಿದರು. ಆದರೂ ಮುಪ್ಪಿನ ಮರೆವು ಕಾಯಿಲೆಯಲ್ಲ, ವಯಸ್ಸಿನ ಸಹಜ ಗುಣ ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು. ‘ಅರವತ್ತಕ್ಕೆ ಅರಳು ಮರಳು’ ಎಂಬ ನಮ್ಮ ಮಾತಿನಲ್ಲಿರುವುದೂ ಇದೇ ಭಾವನೆ. ವೃದ್ಧರ ಮರೆವೂ ಬಹುಪಾಲು ಇದೇ ಕಾಯಿಲೆ ಎಂದು ಅಮೆರಿಕದ ನರರೋಗ ತಜ್ಞ ರಾಬರ್ಟ್ ಕಾಟ್ಜ್‌ಮನ್ ಬಲವಾಗಿ ವಾದಿಸಿದ್ದು 1976ರಲ್ಲಿ.

ಕಾಯಿಲೆ ಎಂದು ತಿಳಿಯದಿದ್ದಾಗ ಆರೈಕೆಯೂ ಒರಟಾಗಿರುವುದು ಸಹಜ. ಎದೆಗೆ ತೊಡಿಸುವ ಕಟ್ಟು, ಸೊಂಟದ ಪಟ್ಟಿ, ಮುಂದೆ ಅಡ್ಡಹಲಗೆ ಬಿಗಿದ ಕುರ್ಚಿಗಳು ಬಳಕೆಯಲ್ಲಿದ್ದವು. ಉದ್ದೇಶ ರಕ್ಷಣೆಯದೇ. ಪರಿಣಾಮ ಮಾತ್ರ ಬೇರೆ. ಕಟ್ಟಿದವರ ಸ್ನಾಯುಗಳು ಕುಗ್ಗುತ್ತಿದ್ದವು, ಮೈ ಮೇಲೆ ಒತ್ತುಹುಣ್ಣು ಏಳುತ್ತಿದ್ದವು. ಬಿಡಿಸಿಕೊಳ್ಳಲು ಹೆಣಗಿ ಕೆಳಗೆ ಜಾರಿದವರು ಅದೇ ಪಟ್ಟಿಗೆ ಸಿಕ್ಕಿ ಉಸಿರುಗಟ್ಟಿ ಸತ್ತದ್ದೂ ಉಂಟು. ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟಬಾರದು ಎಂದು ಅಮೆರಿಕ 1987ರಲ್ಲಿ ಕಾನೂನು ಮಾಡಿತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 1992ರಲ್ಲಿ ಇಂಥ ಪಟ್ಟಿಗಳ ಅಪಾಯದ ಬಗ್ಗೆ ಎಚ್ಚರಿಕೆ ನೀಡಿತು.

ಪಟ್ಟಿ ಬಿಟ್ಟ ಕಡೆಗಳಲ್ಲಿ ತಂತ್ರಜ್ಞಾನಕ್ಕೆ ಬೇಡಿಕೆ ಬಂತು. ಆಸನದ ಕೆಳಗಿನ ಒತ್ತಡದ ಹಾಸು, ಕೂತವರು ಎದ್ದೊಡನೆ ಗಂಟೆ ಬಾರಿಸುತ್ತದೆ. ಆದರೆ ಗಂಟೆ ಕೇಳಿ ಯಾರಾದರೂ ಓಡಿ ಬರುವಷ್ಟರಲ್ಲಿ ಬಿದ್ದಾಗಿರುತ್ತದೆ. ಆಸ್ಪತ್ರೆಯ ಹಾಸಿಗೆಗಳಿಗೆ ಇಂಥ ಗಂಟೆಗಳ ಬಳಕೆ ಹೆಚ್ಚಿಸಿದರೂ ಬೀಳುವವರ ಸಂಖ್ಯೆ ಗಣನೀಯವಾಗಿ ಇಳಿಯಲಿಲ್ಲ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಸದ್ದಿಗೆ ಹೆದರಿ ಹಿರಿಯರು ಅಲುಗಾಡದೆ ಕೂರುವುದಾದರೆ ಗಂಟೆಯೂ ಒಂದು ಬಗೆಯ ಕಟ್ಟೇ ತಾನೆ?

ಇದಕ್ಕಿಂತ ಜಾಣ ಉಪಾಯ, ತಾನಾಗಿಯೇ ಬೀಳುವ ಬ್ರೇಕ್. ಆಸನದ ಮೇಲಿನ ಭಾರ ಇಳಿದೊಡನೆ ಅಡಿಯ ಸನ್ನೆಯೊಂದು ಎರಡು ತೋಳುಗಳನ್ನು ಚಕ್ರಕ್ಕೆ ಒತ್ತುತ್ತದೆ. ಕುರ್ಚಿ ಹಿಂದಕ್ಕೆ ಉರುಳುವುದಿಲ್ಲ. ಇದಕ್ಕೆ ವಿದ್ಯುತ್ ಬೇಡ, ಕೂತವರ ನೆನಪೂ ಬೇಡ. ಕುರ್ಚಿ ನಿಲ್ಲುತ್ತದೆ, ಮನುಷ್ಯ ಸ್ವತಂತ್ರ.

ದಾರಿ ತಪ್ಪುವವರಿಗೆ ಉಪಗ್ರಹದ ನೆರವುಂಟು. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟ ಮೇಲೆ, ಕುರ್ಚಿ ಎಲ್ಲಿದೆ ಎಂದು ತೋರಿಸುವ ಪುಟ್ಟ ಸಾಧನಗಳು ಉಪಯೋಗಕ್ಕೆ ಬಂದವು. ಆದರೆ ಕಟ್ಟಡದೊಳಗೆ ಸಂಕೇತ ದುರ್ಬಲ, ಬ್ಯಾಟರಿ ಮುಗಿದರೆ ಅದೂ ಇಲ್ಲ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಮಿಹೈಲಿಡಿಸ್ ಮತ್ತು ಸಂಗಡಿಗರು, ಅಡ್ಡ ಬಂದದ್ದನ್ನು ಕ್ಯಾಮೆರಾದಿಂದ ಗುರುತಿಸಿ ನಿಲ್ಲುವ, ದಾರಿಯನ್ನು ಮಾತಿನಲ್ಲಿ ಹೇಳುವ ವಿದ್ಯುತ್ ಕುರ್ಚಿಗಳನ್ನು ಪ್ರಯೋಗಿಸಿದ್ದಾರೆ. ಡಿಕ್ಕಿಯ ಭಯದಿಂದ ವಿದ್ಯುತ್ ಕುರ್ಚಿ ನಿರಾಕರಿಸಲ್ಪಟ್ಟ ಹಿರಿಯರಿಗೆ ಓಡಾಟವನ್ನು ಮರಳಿ ಕೊಡುವುದು ಇದರ ಗುರಿ.

ಇದು ದೂರದೇಶದ ಮಾತಷ್ಟೇ ಅಲ್ಲ. ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆ ಎಂದು 2023ರ ಅಂದಾಜೊಂದು ಹೇಳುತ್ತದೆ. ಅವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುವವರು ಮನೆಯವರೇ. ಸೊಸೆ ಅಡುಗೆಮನೆಗೆ ಹೋಗುವ ಐದು ನಿಮಿಷಕ್ಕೆ ಅತ್ತೆಯನ್ನು ಸೀರೆಯ ತುಂಡಿನಿಂದ ಕುರ್ಚಿಗೆ ಕಟ್ಟಿದರೆ ಅದನ್ನು ಕ್ರೌರ್ಯ ಎನ್ನಲಾಗದು, ಅದು ಅಸಹಾಯಕತೆ. ಆದರೆ ಅಪಾಯ ಅಲ್ಲಿಯೂ ಅದೇ.

ಹಿರಿಯರು ಸುಮ್ಮನೆ ಏಳುವುದಿಲ್ಲ. ಬಾಯಾರಿಕೆ, ಶೌಚದ ಅವಸರ, ಕೂತು ಕೂತು ಬೆನ್ನುನೋವು, ಹೀಗೆ ಕಾರಣ ಇದ್ದೇ ಇರುತ್ತದೆ. ಹೇಳಲು ಮಾತು ಸಿಗದಿರಬಹುದು. ಎದ್ದದ್ದನ್ನು ಯಂತ್ರ ತಿಳಿಸಬಲ್ಲದು, ಏಕೆ ಎದ್ದರೆಂಬುದನ್ನು ಪಕ್ಕದಲ್ಲಿರುವವರೇ ಕೇಳಿ ತಿಳಿಯಬೇಕು.